ಈ ಕಡೆಯ ಚಿಲಕ

ಮೂರನೆಯ ಸ್ಕ್ರೂ ಅರ್ಧದಲ್ಲೇ ನಿಂತುಬಿಟ್ಟಿತು. ಹಲ್ಲು ಕಚ್ಚಿ ತಿರುಗಿಸಿದ. ಸ್ಕ್ರೂಡ್ರೈವರ್ ಜಾರಿ ಎಡಗೈ ಹೆಬ್ಬೆರಳು ತರಚಿತು.

“ಹತ್ತು ಗಂಟೆಗೆ ಬರ್ತೀವಿ ಅಂದಿದ್ರು,” ಎಂದಳು ಹೆಂಡತಿ. ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಪಟ್ಟಿ ಸುತ್ತಿದ ಬಲಗೈಯನ್ನು ಯಾರದೋ ಸಾಮಾನಿನ ಹಾಗೆ ಮೇಜಿನ ಮೇಲೆ ಇಟ್ಟುಕೊಂಡಿದ್ದಳು.

“ಗೊತ್ತು.”

“ಒಂಬತ್ತೂಮುಕ್ಕಾಲು ಆಯ್ತು.”

“ಗೊತ್ತು ಅಂದ್ನಲ್ಲ.”

ಚಿಲಕವನ್ನು ನಿನ್ನೆ ಸಂಜೆ ಕೊಂಡು ತಂದಿದ್ದ. ಹಿತ್ತಾಳೆಯದೋ ಕಬ್ಬಿಣದ್ದೋ ಎಂದು ಅಂಗಡಿಯವನು ಕೇಳಿದಾಗ, ಸ್ವಲ್ಪ ಹಳೆಯದರ ಹಾಗೆ ಕಾಣುವಂಥದ್ದು ಇದೆಯೇ ಎಂದು ಬಾಯಿಬಿಟ್ಟಿದ್ದ. ಅಂಗಡಿಯವನು ಇವನ ಮುಖವನ್ನೊಮ್ಮೆ, ಚಿಲಕಗಳನ್ನೊಮ್ಮೆ ನೋಡಿದ. ಕೊನೆಗೆ ಇವನು ಹೊಸದನ್ನೇ ತಂದು, ತುಕ್ಕು ಹಿಡಿಯಲಿ ಎಂದು ಉಪ್ಪುನೀರಿನ ಬಟ್ಟಲಲ್ಲಿ ನೆನೆಹಾಕಿ ಮಲಗಿದ್ದ. ಬೆಳಗ್ಗೆ ಎದ್ದು ನೋಡಿದರೆ ಅದು ತೊಳೆದಿಟ್ಟಂತೆ ಇನ್ನಷ್ಟು ಫಳಫಳ ಹೊಳೆಯುತ್ತಿತ್ತು.

ಸ್ಕ್ರೂಡ್ರೈವರ್ ತಮ್ಮನದು. ಈ ಬಾಗಿಲಿನ ಆಚೆ ಕೋಣೆಯಲ್ಲಿರುವ, ಒಡಹುಟ್ಟಿದ ತಮ್ಮನದು. ತಮ್ಮ ಈ ಸಂಸಾರಕ್ಕೆ ಸೇರಿದವನಲ್ಲ ಎಂದು ತೋರಿಸುವುದಕ್ಕೇ ಈ ಚಿಲಕ. ಅದನ್ನು ಕೂರಿಸುವುದಕ್ಕೆ ತಮ್ಮನದೇ ಸ್ಕ್ರೂಡ್ರೈವರ್. ಅದನ್ನೂ ಇವನು ಹೋಗಿ ಕೇಳಿರಲಿಲ್ಲ. ಹೆಂಡತಿ ಹಿತ್ತಲಿನಿಂದ ಸುತ್ತಿಹೋಗಿ ತಂದಿದ್ದಳು. ಯಾತಕ್ಕೆಂದು ತಮ್ಮನಿಗೆ ಗೊತ್ತಿತ್ತು. ಲಿಫ್ಟ್ ರಿಪೇರಿಯ ಕೆಲಸದವನು, ಸುಮ್ಮನೆ ಕೊಡದೆ ಜೊತೆಗೆ ನಾಲ್ಕು ಉದ್ದನೆಯ ಸ್ಕ್ರೂಗಳನ್ನೂ ಕಳಿಸಿದ್ದ. ಚಿಲಕದ ಜೊತೆ ಬರೋ ಸ್ಕ್ರೂ ಆ ಮರದಲ್ಲಿ ನಿಲ್ಲಲ್ಲ ಅತ್ತಿಗೆ, ಇದನ್ನ ಹಾಕೋಕೆ ಹೇಳಿ, ಅಂದನಂತೆ.

ಇವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಹುಡುಗರು ಬೆನ್ನ ಹಿಂದೆ ‘ಸರಾಸರಿ’ ಎಂದು ಕರೆಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಹನ್ನೊಂದು ವರ್ಷದ ಹಿಂದೆ ಕಾರು ಕೊಂಡಾಗ, ವಿಮೆಯ ಅರ್ಜಿಯಲ್ಲಿ ಒಂದು ಚೌಕ ಕಂಡಿತ್ತು: ವಿಮೆ ಇಲ್ಲದ ಚಾಲಕರಿಂದಾಗುವ ಅಪಘಾತಕ್ಕೂ ರಕ್ಷಣೆ ಬೇಕೆ? ಅದಕ್ಕೆ ಪ್ರತ್ಯೇಕ ಹಣ. ಉಳಿದವರು ಓದದೆಯೇ ‘ಬೇಡ’ ಎಂದು ಗೀಚುವ ಚೌಕ. ಇವನು ಮಾತ್ರ ಹುಡುಗರ ಒಂದು ತಂಡವನ್ನು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ವಾರವಿಡೀ ಬಂದವರನ್ನೆಲ್ಲ ಕೇಳಿಸಿ, ಲೆಕ್ಕ ಹಾಕಿ ತೆಗೆದ. ಎಂಟು ಗಾಡಿಗೆ ಒಂದರಂತೆ ವಿಮೆಯಿಲ್ಲ. ‘ಬೇಕು’ ಎಂದು ಗುರುತು ಹಾಕಿದ.

ಕಂಡವರ ತಪ್ಪಿಗೆ ನೀವ್ಯಾಕ್ರೀ ದುಡ್ಡು ಕಟ್ತೀರಿ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಂಡರು. ಆ ಎಂಟನೆಯವನು ಯಾರು ಅಂತ ಗೊತ್ತಾಗೋದು ಗುದ್ದಿದ ಮೇಲೇ ತಾನೇ, ಎಂದು ಇವನು ನಗುತ್ತಿದ್ದ. ವರ್ಷಕ್ಕೊಮ್ಮೆ ಹಣ ಕಟ್ಟುವಾಗ ಆ ಎಂಟನೆಯವನು ಕಣ್ಣಿಗೆ ಕಟ್ಟುತ್ತಿದ್ದ: ಗಡ್ಡ ಬಿಟ್ಟವನು, ಕುಡಿದು ಓಡಿಸುವವನು, ಹೇಳುವವರು ಕೇಳುವವರು ಯಾರೂ ಇಲ್ಲದವನು.

ಎಂಟನೆಯವನು ಹಿಂದಿನ ಕೋಣೆಯಲ್ಲಿದ್ದ.

ಮೂರು ವಾರದ ಹಿಂದೆ, ಬೆಳಗ್ಗೆ ಏಳೂವರೆಗೆ, ಹೆಂಡತಿ ಕೆಲಸಕ್ಕೆ ಹೋಗಲು ಕಾರನ್ನು ಗಲ್ಲಿಯಿಂದ ಹೊರಗೆ ತರುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲಿ ತನ್ನ ಹಳೆಯ ವ್ಯಾನು ತಿರುಗಿಸಿಕೊಂಡು ತಮ್ಮ ಎದುರಾದ. ಅವಳ ಬಲಗೈ ಬಾಗಿಲಿಗೂ ಸ್ಟೀರಿಂಗಿಗೂ ನಡುವೆ ಸಿಕ್ಕಿಕೊಂಡಿತು. ಮಣಿಕಟ್ಟಿನ ಮೂಳೆ ಪುಡಿ, ಒಳಗೆ ನರವೂ ಹರಿದಿದೆ ಎಂದರು. ಮೂಳೆಯನ್ನೇನೋ ಕೂಡಿಸಿದರು. ನರಕ್ಕೆ ಇನ್ನೊಂದು ಆಪರೇಷನ್ ಆಗಬೇಕು, ತಿಂಗಳೊಳಗೇ ಆಗಬೇಕು, ಇಲ್ಲದಿದ್ದರೆ ಮೂರು ಬೆರಳು ಮಡಿಸಿದ ಹಾಗೇ ಉಳಿದುಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಅವಳು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಮೇಣದಲ್ಲಿ ಹಲ್ಲು ಕೆತ್ತುವವಳು. ಬೆರಳೇ ಅವಳ ಕಸುಬು.

ರಸ್ತೆ ಅಪಘಾತವಾದ್ದರಿಂದ ಕಾರಿನ ವಿಮೆಯವರನ್ನೇ ಕೇಳಿ ಎಂದು ಆರೋಗ್ಯ ವಿಮೆಯವರು ಕೈ ತೊಳೆದುಕೊಂಡರು. ತಮ್ಮನ ವ್ಯಾನಿನ ವಿಮೆ ನಾಲ್ಕು ತಿಂಗಳ ಹಿಂದೆಯೇ ಮುಗಿದುಹೋಗಿತ್ತು. ಉಳಿದದ್ದು ಹನ್ನೊಂದು ವರ್ಷದಿಂದ ಕಟ್ಟಿಕೊಂಡು ಬಂದ ಆ ಚೌಕ ಒಂದೇ. ಆಪರೇಷನ್ನಿಗೆ ಶುಕ್ರವಾರ ದಿನ ಗೊತ್ತುಮಾಡಿದ್ದರು. ಅಷ್ಟರೊಳಗೆ ಕಂಪನಿಯ ಒಪ್ಪಿಗೆ ಪತ್ರ ಬಂದರೆ ಸರಿ, ಇಲ್ಲದಿದ್ದರೆ ಆ ದಿನ ಬೇರೆಯವರ ಪಾಲು. ಇವತ್ತು ಮಂಗಳವಾರ.

ಆ ಚೌಕಕ್ಕೂ ಒಂದು ಬಾಲ ಇತ್ತು, ಅದನ್ನು ಇವನು ಓದಿರಲಿಲ್ಲ. ಎಲ್ಲವನ್ನೂ ಓದುತ್ತೇನೆಂದು ಎದೆ ತಟ್ಟಿಕೊಳ್ಳುವವನು ಅದೊಂದನ್ನು ಬಿಟ್ಟಿದ್ದ. ವಿಮೆದಾರನೊಂದಿಗೆ ಒಂದೇ ಮನೆಯಲ್ಲಿ, ಒಂದೇ ಸಂಸಾರವಾಗಿ ವಾಸಿಸುವ ಸಂಬಂಧಿಕರ ವಾಹನಕ್ಕೆ ಈ ರಕ್ಷಣೆ ಅನ್ವಯಿಸತಕ್ಕದ್ದಲ್ಲ.

ವಿಮೆ ಕಂಪನಿಯ ಕೌಂಟರಿನ ಹುಡುಗಿ ಒಳ್ಳೆಯವಳೇ. ಸ್ವಂತ ತಮ್ಮನಾ ಎಂದು ಕೇಳಿ, ಪೆನ್ನನ್ನು ಕಾಗದಕ್ಕೆ ತಾಗಿಸದೆ ಹಿಡಿದು, ಒಟ್ಟಿಗೇ ಇದೀರಾ ಬೇರೆ ಬೇರೆನಾ ಎಂದು ನಿಧಾನವಾಗಿ ಕೇಳಿದ್ದಳು. ಯಾವ ಉತ್ತರ ಬೇಕೆಂದು ಅವಳ ಮುಖದಲ್ಲೇ ಬರೆದಿತ್ತು. ಬೇರೆ, ಎಂದಿದ್ದ. ಬಾಗಿಲೂ ಬೇರೆಯಾ? ಬೇರೆ. ಸಹಿ ಹಾಕಿದ. ಮನೆಗೆ ಬಂದು ವಿಚಾರಿಸ್ತಾರೆ ಸಾರ್, ಒಬ್ಬರ ಬಗ್ಗೆ ಒಬ್ರು ಹೆಚ್ಚು ತಿಳಿದೋರು ಸಿಕ್ಕಿಬೀಳ್ತಾರೆ, ಎಂದು ದನಿ ತಗ್ಗಿಸಿ ಸೇರಿಸಿದ್ದಳು. ಅರ್ಧ ದಾರಿಗೆ ಬಂದ ಮೇಲೆ ನಡುಬಾಗಿಲು ನೆನಪಾಗಿತ್ತು.

ಅಪ್ಪ ಕಟ್ಟಿಸಿದ ಉದ್ದನೆಯ ಮನೆ. ಮುಂದೆ ಎರಡು ಕೋಣೆ, ಅಡುಗೆಮನೆ, ಆಮೇಲೆ ಒಂದು ಕಿರಿದಾದ ಓಣಿ, ಓಣಿಯ ಕೊನೆಗೆ ಈ ಬಾಗಿಲು. ಬಾಗಿಲಾಚೆ ತಮ್ಮನ ಕೋಣೆ, ಬಚ್ಚಲು, ಹಿತ್ತಲಿಗೆ ಇನ್ನೊಂದು ಬಾಗಿಲು. ಅಮ್ಮ ಇದ್ದಾಗ ಓಣಿಯಲ್ಲೇ ಅವಳ ಮಂಚ. ಇಬ್ಬರ ಕೆಮ್ಮೂ ಕೇಳಿಸಬೇಕೆಂದು ನಡುಬಾಗಿಲನ್ನು ಹಾಕಗೊಡುತ್ತಿರಲಿಲ್ಲ. ಅವಳು ಹೋದ ಮೇಲೆ, ಮೂರು ವರ್ಷದ ಹಿಂದೆ, ಗಾಳಿ ಬರುತ್ತದೆಂದು ಯಾರೋ ಅದನ್ನು ಎಳೆದರು. ಅಷ್ಟೇ. ಜಗಳವೇನೂ ಆಗಿರಲಿಲ್ಲ. ಒಂದು ಗೋಡೆಗಾಗಿ ಅಣ್ಣನ ಮೇಲೆ ಕೋರ್ಟು ಹತ್ತಿದ ಸಹೋದ್ಯೋಗಿಯ ಕಥೆ ಕೇಳಿದಾಗಲೆಲ್ಲ, ನಮ್ಮಲ್ಲಿ ಅಂಥದ್ದೇನೂ ಇಲ್ಲಪ್ಪ, ಎಂದು ಇವನು ನೆಮ್ಮದಿಯಿಂದ ಹೇಳುತ್ತಿದ್ದ.

ಅಣ್ಣನಾಗಿ ಮಾಡಬೇಕಾದ್ದನ್ನು ಮಾಡುತ್ತಲೇ ಇದ್ದ. ಅಂಚೆಯ ಡಬ್ಬಿ ಮನೆಗೆಲ್ಲ ಒಂದೇ, ಮುಂಬಾಗಿಲಲ್ಲಿ. ತಮ್ಮನ ಹೆಸರಿಗೆ ಏನು ಬಂದರೂ ಎತ್ತಿಕೊಂಡು ಬಂದು, ಬಗ್ಗಿ, ಈ ಬಾಗಿಲಿನ ಕೆಳಗಿನ ಸಂದಿಯಲ್ಲಿ ಆಚೆಗೆ ತಳ್ಳುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ. ತಮ್ಮನ ವ್ಯಾನಿನ ವಿಮೆ ಮುಗಿಯುತ್ತಿದೆ ಎಂಬ ಕೆಂಪು ಅಂಚಿನ ಲಕೋಟೆ ಎರಡು ಬಾರಿ ಬಂದಿತ್ತು, ಎರಡನ್ನೂ ತಳ್ಳಿದ್ದ. ಆದ್ದರಿಂದಲೇ ಅಪಘಾತವಾದಾಗ ಸಿಟ್ಟು ನೆತ್ತಿಗೇರಿತ್ತು. ನೋಟಿಸನ್ನು ಕೋಣೆಯೊಳಕ್ಕೇ ತಲುಪಿಸಿದ ಮೇಲೂ ಕಟ್ಟದವನಿಗೆ ಏನೆನ್ನಬೇಕು.

ನಾಲ್ಕನೆಯ ಸ್ಕ್ರೂ ಹೇಗೋ ಕೂತಿತು. ಚಿಲಕ ಎಳೆದು ಹಾಕಿದ. ಹಿಂದಕ್ಕೆ ಸರಿದು ನೋಡಿದರೆ, ಮಾಸಿದ ಬಾಗಿಲ ಮೇಲೆ ಅದು ಕನ್ನಡಿಯ ಚೂರಿನಂತೆ ಕಾಣುತ್ತಿತ್ತು.

ಉಳಿದ ಏರ್ಪಾಡೆಲ್ಲ ಬೆಳಗ್ಗೆಯೇ ಮುಗಿದಿತ್ತು. ಹೆಂಡತಿ ದಿನಾ ಸಂಜೆ ಹಿತ್ತಲ ಕಟ್ಟೆಯ ಮೇಲೆ ತಮ್ಮನಿಗೆಂದು ಊಟದ ಡಬ್ಬಿ ಇಡುತ್ತಿದ್ದಳು, ಬೆಳಗ್ಗೆ ಅದು ತೊಳೆದು ಬೋರಲು ಹಾಕಿ ಅಲ್ಲೇ ಇರುತ್ತಿತ್ತು. ಆ ಡಬ್ಬಿ ಈಗ ಬಟ್ಟೆಯ ಬೀರುವಿನಲ್ಲಿ. ಅಮ್ಮನ ಎರಡು ಪಕ್ಕದಲ್ಲಿ ಅಣ್ಣ ತಮ್ಮ ನಿಂತ ಫೋಟೋ ಗೋಡೆಯಿಂದ ಇಳಿದಿತ್ತು. ಅದರ ಹಿಂದೆ ಬಿಳಿಚಿಕೊಂಡ ಚೌಕ ಉಳಿಯಿತು. ಕ್ಯಾಲೆಂಡರ್ ನೇತುಹಾಕಿದ. ಕ್ಯಾಲೆಂಡರ್ ಚೌಕಕ್ಕಿಂತ ನಾಲ್ಕು ಬೆರಳು ಸಣ್ಣದಾಯಿತು.

ತಮ್ಮನ ಬಗ್ಗೆ ತನಗೆ ಗೊತ್ತಿದ್ದೂ ಗೊತ್ತಿಲ್ಲ ಎನ್ನಬೇಕಾದದ್ದನ್ನೆಲ್ಲ ಪಟ್ಟಿ ಮಾಡಲು ಕಾಗದ ಹಿಡಿದು ಕೂತಿದ್ದ. ಪಾಠದ ಟಿಪ್ಪಣಿ ಬರೆದ ಹಾಗೆ ಅಂಕಿ ಹಾಕಿಕೊಂಡು ಶುರು ಮಾಡಿದ. ಐದನೆಯ ಸಾಲಿಗೆ ಪೆನ್ನು ನಿಂತಿತು. ಗಾಬರಿಯಲ್ಲಿ ಏನೂ ಹೊಳೆಯುತ್ತಿಲ್ಲ ಎಂದುಕೊಂಡು ಕಾಗದ ಮಡಚಿಟ್ಟ.

ಹತ್ತು ಹೊಡೆದು ಐದು ನಿಮಿಷಕ್ಕೆ ಕರೆಗಂಟೆ ಆಯಿತು.

ವಿಮೆ ಕಂಪನಿಯ ತನಿಖೆಗೆ ಯಾರೋ ದಢೂತಿ ಗಂಡಸು ಬರುತ್ತಾನೆಂದು ಅವನು ಎಣಿಸಿದ್ದ. ಬಂದದ್ದು ತಲೆ ಪೂರ್ತಿ ನೆರೆತ, ಮೊಣಕಾಲು ನೋವಿನ ಒಬ್ಬ ಹೆಂಗಸು. ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಒಳಬಂದು, ನೀರು ಕೇಳಿ, ಒಂದು ಮಾತ್ರೆ ನುಂಗಿದಳು. ಕ್ಯಾಲೆಂಡರನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ತಾರೀಕು ನೋಡುತ್ತಿರಬಹುದು ಎಂದು ಅವನು ತನಗೆ ತಾನೇ ಹೇಳಿಕೊಂಡ.

ಹೆಂಡತಿಯ ಕೈ ನೋಡಿ, ನೋವಿದೆಯಾ ಎಂದು ವಿಚಾರಿಸಿದಳು. ಆಮೇಲೆ ಫೈಲು ಬಿಚ್ಚಿ, ಇವನನ್ನು ಎದುರಿಗೆ ಕೂರಿಸಿಕೊಂಡಳು. ಪ್ರಶ್ನೆಗಳು ಅಚ್ಚಾದವು, ಎಲ್ಲರಿಗೂ ಅವೇ, ಬೇಜಾರು ಮಾಡಿಕೊಳ್ಳಬಾರದು ಎಂದಳು.

“ತಮ್ಮನಿಗೆ ಎಷ್ಟು ವಯಸ್ಸು ಸಾರ್?”

“ಸರಿಯಾಗಿ ಗೊತ್ತಿಲ್ಲ.”

ಇದು ಬೆಳಗ್ಗೆಯೇ ಸಿದ್ಧ ಮಾಡಿಕೊಂಡ ಸುಳ್ಳು. ಹೇಳಿ ಮುಗಿಸಿ, ಒಳಗೆ ನಿಜವಾದ ಉತ್ತರವನ್ನು ಹುಡುಕಿದ. ನಲವತ್ತೊಂದೋ, ನಲವತ್ಮೂರೋ. ಸುಳ್ಳು ಹೇಳುವವನಿಗೆ ನಿಜವಾದರೂ ಗೊತ್ತಿರಬೇಕಲ್ಲ.

ಎಲ್ಲಿ ಕೆಲಸ ಎಂದು ಕೇಳಿದಳು. ಇದನ್ನು ಮುಚ್ಚಿಡುವುದು ಅನುಮಾನಕ್ಕೆ ದಾರಿ ಎಂದು ಲಿಫ್ಟ್ ಕಂಪನಿಯೊಂದರ ಹೆಸರು ಹೇಳಿದ. ಅವಳು ಪೊಲೀಸರ ಕಾಗದ ತಿರುವಿ, ಅದನ್ನು ಬಿಟ್ಟು ಒಂದೂವರೆ ವರ್ಷವಾಗಿದೆಯಂತೆ, ಈಗ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನೋಡಿಕೊಳ್ಳೋ ರಾತ್ರಿ ಪಾಳಿ ಅಂತ ಬರೆದಿದೆ, ಎಂದಳು. ಬಲೆ ಬೀಸುತ್ತಿದ್ದಾಳೆ ಎಂದುಕೊಂಡ. ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದ್ದಳು. ಬಲೆಯಾಗಿರಲಿಲ್ಲ.

“ಕಾಯಿಲೆ ಕಸಾಲೆ ಏನಾದ್ರೂ?”

“ಏನಿಲ್ಲ.”

“ಬಿಪಿ ಇದೆ,” ಎಂದಳು ಹೆಂಡತಿ. “ಎರಡು ವರ್ಷದಿಂದ ಮಾತ್ರೆ ತಗೋತಾರೆ.”

ಮುಗಿಯಿತು ಕಥೆ, ಎಂದುಕೊಂಡ. ಇವಳಿಗೆ ಬುದ್ಧಿ ಎಲ್ಲಿ ಹೋಯಿತು, ತನ್ನ ಕೈಯನ್ನು ತಾನೇ ಕಡಿದುಕೊಳ್ಳುತ್ತಿದ್ದಾಳೆ. ಆದರೆ ತನಿಖೆಯವಳು ಹೆಂಡತಿಯ ಕಡೆ ನೋಡಲೇ ಇಲ್ಲ, ಇವನ ಮುಖವನ್ನೇ ನೋಡುತ್ತಿದ್ದಳು. ಬಿಪಿ ಎಂಬ ಮಾತು ಕೇಳಿ ಅಲ್ಲಿ ಏನು ಮೂಡಿತ್ತೋ. ಅದು ನಟನೆಯಲ್ಲವೆಂದು ಅವಳಿಗೆ ಗೊತ್ತಾಗಿರಬೇಕು. ಮೇಡಂ, ನಾನು ಸಾರ್‌ನ ಕೇಳ್ತಿರೋದು, ಎಂದು ಮೆತ್ತಗೆ ಹೇಳಿ ಏನನ್ನೋ ಬರೆದುಕೊಂಡಳು.

“ತಮ್ಮನ ಜೊತೆ ಕೊನೇ ಸಲ ಮಾತಾಡಿದ್ದು?”

“ಆಸ್ಪತ್ರೆಯಲ್ಲಿ. ಅಪಘಾತದ ದಿನ.”

“ಅದಕ್ಕೂ ಮುಂಚೆ?”

ಅದಕ್ಕೂ ಮುಂಚೆ. ವ್ಯಾನು ಸ್ವಲ್ಪ ಮುಂದಕ್ಕೆ ತಗೋ ಎಂದು ಹಿತ್ತಲಲ್ಲಿ ಹೇಳಿದ್ದು ನೆನಪಿತ್ತು. ತಮ್ಮ ತಗೊಂಡಿದ್ದ. ಅದು ಹೋದ ವರ್ಷವೋ ಅದರ ಹಿಂದಿನದೋ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವಷ್ಟು ಹೊತ್ತು ಅವನು ಹುಡುಕಿದ.

“ನೆನಪಿಲ್ಲ,” ಎಂದ. ಇದು ಪಟ್ಟಿಯಲ್ಲಿ ಇರಲಿಲ್ಲ.

ಫೋನ್ ನಂಬರು ಬಾಯಿಪಾಠ ಇದೆಯಾ ಎಂದಳು. ಇಲ್ಲ, ಮೊಬೈಲಿನಲ್ಲಿದೆ. ತೋರಿಸಿ ಎಂದಳು. ಯಾವ ಹೆಸರಲ್ಲಿ ಹಾಕಿದ್ದೆನೆಂದು ನೆನಪಿಗೆ ಬರದೆ ಅವನು ಮೇಲೆ ಕೆಳಗೆ ಹುಡುಕಿದ. ಸಿಕ್ಕಿತು. ‘ಹಿಂದಿನ ಕೋಣೆ’ ಎಂದಿತ್ತು. ಅದರ ಮೇಲಿನದು ‘ಹಾಲಿನವನು’. ಅವಳು ಕನ್ನಡಕ ಏರಿಸಿ ಓದಿ, ಅದನ್ನೂ ಬರೆದುಕೊಂಡಳು.

ಒಂದೊಂದು ಪ್ರಶ್ನೆ ದಾಟಿದ ಹಾಗೂ ಪರೀಕ್ಷೆಯಲ್ಲಿ ಪಾಸಾಗುತ್ತಿರುವವನ ಖುಷಿ ಅವನೊಳಗೆ ಏಳುತ್ತಿತ್ತು. ಅದರ ಬೆನ್ನಿಗೇ ತನ್ನ ಬಗ್ಗೆ ಹೇಸಿಗೆಯಾಗುತ್ತಿತ್ತು. ಆದರೂ ಖುಷಿಯೇ ಮುಂದಿತ್ತು. ಶುಕ್ರವಾರ ಆಪರೇಷನ್ ಆಗಬೇಕು, ಉಳಿದದ್ದೆಲ್ಲ ಆಮೇಲೆ, ಎಂದು ಸಮಾಧಾನ ಮಾಡಿಕೊಂಡ.

ಆಮೇಲೆ ಓಣಿಗೆ ಬಂದರು. ತನಿಖೆಯವಳು ಚಿಲಕದ ಮೇಲೆ ಬೆರಳಾಡಿಸಿದಳು. ಕಷ್ಟಪಟ್ಟು ಬಗ್ಗಿ ನೆಲ ನೋಡಿದಳು. ಮರದ ಪುಡಿಯನ್ನು ಗುಡಿಸಲು ಮರೆತಿದ್ದ.

“ಆ ಕಡೆಯಿಂದ ನೋಡ್ಬೇಕಲ್ಲ,” ಎಂದಳು.

ಹೆಂಡತಿ ಅವಳನ್ನು ಹಿತ್ತಲ ದಾರಿಯಿಂದ ಕರೆದುಕೊಂಡು ಹೋದಳು. ಇವನು ಓಣಿಯಲ್ಲೇ ಉಳಿದ. ಬಾಗಿಲಿಗೆ ಕಿವಿ ಕೊಡಬಾರದೆಂದುಕೊಂಡೇ ಕೊಟ್ಟ. ಕುರ್ಚಿ ಎಳೆದ ಸದ್ದು, ಮಾತು, ಮತ್ತೆ ಮಾತು. ಒಮ್ಮೆ ಯಾರೋ ನಕ್ಕರು. ಮೂಗಿನಿಂದ ಹೊರಡುವ ಗಂಡು ನಗೆ. ಇದು ಯಾರ ನಗೆ, ಒಳಗೆ ಬೇರೆ ಯಾರಿದ್ದಾರೆ, ಎಂದು ಒಂದು ಕ್ಷಣ ಯೋಚಿಸಿದ. ತಮ್ಮನದೇ ಎಂದು ಗೊತ್ತಾದಾಗ ಬಾಗಿಲಿನಿಂದ ಹಿಂದೆ ಸರಿದ.

ಆಮೇಲೆ ಬಾಗಿಲ ಬುಡದಲ್ಲಿ ಭಾರದ ಕಬ್ಬಿಣದ ಸಾಮಾನೊಂದನ್ನು ಎಳೆದ ಸದ್ದಾಯಿತು. ಅದಾದ ಮೇಲೆ ತುಂಬ ಹೊತ್ತು ಸದ್ದೇ ಇಲ್ಲ.

ಅವರು ಸುತ್ತಿ ಬರುವ ಹೊತ್ತಿಗೆ ಅವನು ಮರದ ಪುಡಿಯನ್ನು ಅಂಗೈಯಿಂದ ಬಳಿದು ಜೇಬಿಗೆ ಹಾಕಿಕೊಂಡಿದ್ದ. ತನಿಖೆಯವಳು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಮೊಣಕಾಲು ಒತ್ತಿಕೊಂಡಳು. ಹೆಂಡತಿ ಒಳಗೆ ಬರಲಿಲ್ಲ, ಬಾಗಿಲಿಗೆ ಒರಗಿ ನಿಂತಳು. ಅವಳ ಮುಖ ನೋಡಿದರೆ ಎಲ್ಲ ಕೆಟ್ಟಿತೆಂದೇ ಅನಿಸಿತು.

“ಸಾರ್, ಆ ಚಿಲಕ ಇವತ್ತು ಹಾಕಿದ್ದು,” ಎಂದಳು ತನಿಖೆಯವಳು.

ಅವನು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ವಾರಕ್ಕೊಂದು ಇಂಥ ಚಿಲಕ ನೋಡುತ್ತೇನೆ, ಎಂದಳು. ಕೆಲವರು ಪರದೆ ಕಟ್ಟುತ್ತಾರೆ, ಕೆಲವರು ಇನ್ನೊಂದು ಒಲೆ ತಂದಿಡುತ್ತಾರೆ, ಹಾಲು ಉಕ್ಕಿದ ಗುರುತೂ ಇಲ್ಲದ ಒಲೆ. ಗೋಡೆಯ ಮೇಲೆ ಫೋಟೋ ಇದ್ದ ಜಾಗಕ್ಕೆ ಕ್ಯಾಲೆಂಡರ್ ಹಾಕುತ್ತಾರೆ. ಈ ಚಿಲಕ ಕಂಡ ಕೂಡಲೇ ಫೈಲು ಮುಚ್ಚಿಬಿಡೋಣ ಎಂದುಕೊಂಡೆ, ಎಂದಳು.

“ಆದ್ರೆ ಆ ಕಡೆ ಇನ್ನೊಂದಿದೆ.”

“ಇನ್ನೊಂದೇನು?”

“ಚಿಲಕ. ಹಾಕೇ ಇದೆ. ಅದರ ಮೇಲೆ ಎರಡು ಸಲ ಬಣ್ಣ ಬಳಿದಿದ್ದಾರೆ, ಬಾಗಿಲಿಗೆ ಬಳಿಯೋವಾಗ ಅದಕ್ಕೂ ಸೇರಿಸಿ. ಈಗ ತೆಗೀಬೇಕಂದ್ರೂ ಸುತ್ತಿಗೆ ಬೇಕು. ಇವತ್ತಿನ ನಾಟಕಕ್ಕೆ ಅಂಥದ್ದನ್ನ ಯಾರೂ ಮಾಡಕ್ಕಾಗಲ್ಲ ಸಾರ್.”

ಅವನಿಗೆ ಕೂರಬೇಕೆನಿಸಿತು. ಇದ್ದ ಒಂದು ಕುರ್ಚಿಯಲ್ಲಿ ಅವಳು ಕೂತಿದ್ದಳು.

“ಯಾವಾಗ ಹಾಕಿದ್ದು ಅಂತ ಕೇಳಿದೆ,” ಎಂದಳು. “‘ಅಣ್ಣ ಒಂದು ಸಲ ತಳ್ಳಿದ್ರೂ ಗೊತ್ತಾಗ್ತಿತ್ತು’ ಅಂದ್ರು. ಅಷ್ಟೇ. ನಗ್ತಾನೇ ಅಂದ್ರು.”

ಅವಳು ಫೈಲಿನಿಂದ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದಳು. ಬಾಗಿಲಿಗೆ ಆನಿಸಿಟ್ಟಿದ್ದ, ಬಣ್ಣ ಬಳಿಯುವಾಗಲೂ ಸರಿಸಿರದ, ತಮ್ಮನ ಸಲಕರಣೆಯ ಗಿಡ್ಡ ಕಾಲಿನ ಕಬ್ಬಿಣದ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದಿದ್ದರು. ಪೆಟ್ಟಿಗೆಯಿದ್ದ ಜಾಗದಲ್ಲಿ, ದಪ್ಪನೆಯ ಧೂಳಿನಲ್ಲಿ, ಒಂದರ ಮೇಲೊಂದು ಲಕೋಟೆಗಳು. ಎಣಿಸಿದೆವು, ನಲವತ್ತೊಂದು, ಎಂದಳು. ಒಂದನ್ನೂ ಒಡೆದಿಲ್ಲ. ಮೂರು ವರ್ಷದಿಂದ ನನಗೆ ಯಾಕೋ ಅಂಚೆಯೇ ಬರ್ತಿಲ್ಲ ಅಂತ ಅವರು ಅಂದುಕೊಂಡಿದ್ದರಂತೆ.

ಚಿತ್ರದಲ್ಲಿ ಮೇಲ್ಗಡೆಯೇ, ಕೆಂಪು ಅಂಚಿನವು ಎರಡು ಇದ್ದವು.

ಅವನು ಹೆಂಡತಿಯ ಕಡೆ ನೋಡಲಿಲ್ಲ. ಅವಳು ತನ್ನನ್ನು ನೋಡುತ್ತಿದ್ದಾಳೆಂದು ಗೊತ್ತಿತ್ತು. ಏನಾದರೂ ಹೇಳಬೇಕೆನಿಸಿತು. ನಾನು ಒಂದು ದಿನವೂ ತಪ್ಪಿಸಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು, ಅದನ್ನು ನುಂಗಿಕೊಂಡ.

“ಒಂದು ಮನೆಯವರು ಕಾಗದ ಕೈಗೆ ಕೊಡ್ತಾರೆ ಸಾರ್. ಕೊಡಕ್ಕಾಗದೇ ಇದ್ರೆ ಮೇಲೊಂದು ಸಾಲು ಗೀಚ್ತಾರೆ. ನಲವತ್ತೊಂದರಲ್ಲಿ ಒಂದರ ಮೇಲೂ ನಿಮ್ಮ ಅಕ್ಷರ ಇಲ್ಲ.” ಅದನ್ನವಳು ಆರೋಪದಂತೆ ಹೇಳಲಿಲ್ಲ, ಶಿಫಾರಸಿನಂತೆ ಹೇಳಿದಳು. ಫೈಲಿನ ಕೊನೆಯ ಹಾಳೆ ತೆರೆದು, ‘ಒಂದೇ ಸಂಸಾರವಲ್ಲ’ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದಳು. ಚೌಕ ಇಲ್ಲೂ ಇತ್ತು.

ನಾಳೆ ಸಂಜೆಯೊಳಗೆ ಪತ್ರ ಆಸ್ಪತ್ರೆಗೆ ಹೋಗುತ್ತದೆ, ಶುಕ್ರವಾರದ ಆಪರೇಷನ್ನಿಗೆ ಏನೂ ತೊಂದರೆಯಿಲ್ಲ ಎಂದಳು. ಹೊರಡುವಾಗ ಚಪ್ಪಲಿ ಮೆಟ್ಟಲು ಇವನ ಭುಜ ಹಿಡಿದುಕೊಂಡಳು.

“ಹಣ ಪೂರ್ತಿ ಬಿಡುಗಡೆ ಆಗೋ ತನಕ ಇನ್ನೊಂದು ಸಲ ಯಾರಾದ್ರೂ ಬಂದು ನೋಡಬಹುದು,” ಎಂದಳು. “ಹೊಸದಾಗಿ ಏನೂ ಮಾಡೋದು ಬೇಡ. ಇದ್ದ ಹಾಗೇ ಇರಿ.”

ಮಧ್ಯಾಹ್ನ ಇಬ್ಬರೂ ಉಂಡರು. ಅವಳು ಎಡಗೈಯಲ್ಲಿ ಚಮಚ ಹಿಡಿದಿದ್ದಳು, ಅರ್ಧ ತಟ್ಟೆಗೆ, ಅರ್ಧ ಮೇಜಿಗೆ. ಸಹಾಯ ಮಾಡಲು ಹೋದ. ಬೇಡ ಎಂದಳು. ಸಂತೋಷಪಡಬೇಕಾದ ದಿನ ಎಂದು ಅವನು ನೆನಪು ಮಾಡಿದ. ಕೈ ಉಳೀತಲ್ಲ, ಎಂದ.

“ಅವತ್ತು ಆಸ್ಪತ್ರೆಗೆ ನನ್ನ ಎತ್ಕೊಂಡು ಹೋಗಿದ್ದು ಅವರು,” ಎಂದಳು ಅವಳು ತಟ್ಟೆ ನೋಡುತ್ತ. “ದಾರಿ ಪೂರ್ತಿ ಅಳ್ತಿದ್ರು. ನೀವು ಕ್ಲಾಸ್ ಮುಗಿಸ್ಕೊಂಡು ಬಂದ್ರಿ. ಬಂದವರೇ ಮೊದಲು ಏನ್ ಕೇಳಿದ್ರಿ ಗೊತ್ತಾ?”

ಗೊತ್ತಿತ್ತು. ಇವನ ಗಾಡಿಗೆ ಇನ್ಶೂರೆನ್ಸ್ ಇದೆಯಾ, ಎಂದು ಕೇಳಿದ್ದ. ಅದನ್ನು ತಮ್ಮನ ಮುಖ ನೋಡಿ ಕೇಳಿರಲಿಲ್ಲ, ಅಲ್ಲಿದ್ದ ನರ್ಸನ್ನು ಕೇಳಿದ್ದ.

“ಆ ಎರಡು ಕಾಗದ ಅವರ ಕೈಗೆ ಕೊಟ್ಟಿದ್ರೆ…” ಎಂದಳು. ಕೊಟ್ಟಿದ್ದರೆ ವಿಮೆ ಇರುತ್ತಿತ್ತು, ಸುಳ್ಳು ಬೇಕಿರಲಿಲ್ಲ, ಇಷ್ಟೇ ತಾನೇ. ಕೈ ಮಾತ್ರ ಹೇಗಿದ್ದರೂ ಮುರಿಯುತ್ತಿತ್ತು. ಅವನು ತರ್ಕ ಜೋಡಿಸಿದ. ತರ್ಕ ಸರಿಯಾಗಿಯೇ ಇತ್ತು, ಆದರೆ ಅವಳ ಮುಂದೆ ಅದನ್ನು ಇಡುವ ಧೈರ್ಯವಾಗಲಿಲ್ಲ.

ಸಂಜೆ ಅವಳು ರೂಢಿಯ ಮೇಲೆ ಬೀರು ತೆಗೆದು ಊಟದ ಡಬ್ಬಿ ಹೊರಗೆ ತಂದಳು. ತುಂಬಿಸಲು ಹೊರಟವಳು ನಿಂತಳು. ಇದ್ದ ಹಾಗೇ ಇರಿ ಅಂದಿದ್ದಾರೆ, ಎಂದು ಇವನು ನೆನಪಿಸಿದ. ಡಬ್ಬಿ ಹಿತ್ತಲ ಕಟ್ಟೆಯ ಮೇಲೆ ಯಾರ ಕಣ್ಣಿಗಾದರೂ ಬಿದ್ದರೆ, ಪಕ್ಕದ ಮನೆಯವರನ್ನು ಯಾರಾದರೂ ವಿಚಾರಿಸಿದರೆ. ಅವಳು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ಸ್ಕ್ರೂಡ್ರೈವರ್ ಅವರದು. ರಾತ್ರಿ ಡ್ಯೂಟಿಗೆ ಬೇಕು. ನೀವೇ ಕೊಟ್ಟು ಬನ್ನಿ, ನಾನು ಹೋಗಲ್ಲ.”

ಹಿತ್ತಲಿನಿಂದ ಸುತ್ತಿ ಹೋದರೆ ಮೂವತ್ತು ಹೆಜ್ಜೆ. ಅವನು ಹಿಂಬಾಗಿಲ ತನಕ ಹೋದ. ಯಾರಾದರೂ ನೋಡಿಯಾರು ಎಂದು ಹಿಂದೆ ಬಂದ. ಯಾರೂ ನೋಡುವವರಿಲ್ಲ ಎಂದೂ ಗೊತ್ತಿತ್ತು. ತಮ್ಮ ಬಾಗಿಲು ತೆಗೆದರೆ ಮೊದಲು ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಬಿಪಿ ಹೇಗಿದೆ ಎಂದು ಕೇಳಬಹುದು. ನಿನಗೆ ಎಷ್ಟು ವಯಸ್ಸೋ ಎಂದು ಕೇಳಬಹುದು.

ಓಣಿಗೆ ಬಂದ. ತಾನು ಹಾಕಿದ ಚಿಲಕವನ್ನು ಸದ್ದಾಗದಂತೆ ತೆಗೆದ. ಅಂಗೈಯಿಟ್ಟು ಬಾಗಿಲು ತಳ್ಳಿದ. ಮೂರು ವರ್ಷದಲ್ಲಿ ಇದೇ ಮೊದಲ ಸಲ. ಅಲುಗಲಿಲ್ಲ. ಭುಜ ಕೊಟ್ಟು ಇನ್ನೊಮ್ಮೆ ತಳ್ಳಿದ. ಆಚೆಗೆ ತಮ್ಮ ಓಡಾಡುವ ಸದ್ದು ಕೇಳುತ್ತಿತ್ತು, ಅದು ನಿಂತಿತು.

ಕರೆಯಬಹುದಿತ್ತು. ಬೆಳಗ್ಗೆ ಸಹಿಯಾದ ಹಾಳೆಯೊಂದು ಅಡ್ಡ ಬಂದ ಹಾಗಾಗಿ, ಅವನು ಮೊಣಕಾಲೂರಿ ಕೂತ. ಕೂತದ್ದು ಯಾಕೆಂದು ಕೂತ ಮೇಲೆಯೇ ಗೊತ್ತಾಯಿತು. ಅವನಿಗೆ ತಿಳಿದಿದ್ದ ದಾರಿ ಅದೊಂದೇ. ಸ್ಕ್ರೂಡ್ರೈವರನ್ನು ಮಲಗಿಸಿ, ಬಾಗಿಲ ಕೆಳಗಿನ ಸಂದಿಯಲ್ಲಿ ಆಚೆಗೆ ತಳ್ಳಿದ.

ಕಬ್ಬಿಣದ ಕಡ್ಡಿ ಸಲೀಸಾಗಿ ಹೋಯಿತು. ಹಿಡಿ ದಪ್ಪವಾಗಿತ್ತು, ಹೋಗಲಿಲ್ಲ. ಒತ್ತಿದ. ಇನ್ನೂ ಒತ್ತಿದ. ಕಾಗದ ಹೋಗುವ ಜಾಗದಲ್ಲಿ ಇದು ಹೋಗುವುದಿಲ್ಲ ಎಂದು ಕೊನೆಗೆ ಅರ್ಥವಾಗಿ ಹಿಂದಕ್ಕೆ ಎಳೆದ.

ಬರಲಿಲ್ಲ.

ಮರಕ್ಕೆ ಸಿಕ್ಕಿಕೊಂಡಿತೋ, ಆಚೆ ಕಡೆಯಿಂದ ಯಾರಾದರೂ ತುದಿ ಹಿಡಿದಿದ್ದಾರೋ, ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಸಡಿಲ ಬಿಟ್ಟು ನೋಡಿದ, ಮತ್ತೆ ಎಳೆದು ನೋಡಿದ. ಆಚೆ ಉಸಿರಿನ ಸದ್ದು ಕೇಳಿದ ಹಾಗಾಯಿತು. ಅದು ತನ್ನದೇ ಇರಬಹುದು.

“ಕೊಟ್ರಾ?” ಎಂದಳು ಹೆಂಡತಿ ಅಡುಗೆಮನೆಯಿಂದ.

ಅವನು ನೆಲಕ್ಕೆ ಕೆನ್ನೆ ಹಚ್ಚಿ, ಸಂದಿಯ ಕತ್ತಲಿಗೆ ಕಣ್ಣು ಕೊಟ್ಟು, ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದುಕೊಂಡು ಮಲಗಿದ್ದ. ಬಿಟ್ಟುಬಿಡಲು ಹೆದರಿಕೆಯಾಗುತ್ತಿತ್ತು.